ತಂತಿಯಿಂದ ತಾಳ: ಮೊಮ್ಮಗನ ಗಿಟಾರು, ನಮ್ಮ ಚೌಡಿಕೆ

ಕಳೆದ ಬೇಸಿಗೆ ರಜೆಯಲ್ಲಿ ಸಾಂಬ್ರಾದ ನಮ್ಮ ಮನೆಗೆ ಬಂದಿದ್ದ ಮೊಮ್ಮಗ, “ಅಜ್ಜಾ, ಕಣ್ಣು ಮುಚ್ಚಿ ಕೇಳ್ರಿ. ನಾ ಏನ್ ಬಾರಿಸಾಕತ್ತೇನಿ ಹೇಳ್ರಿ” ಎಂದ. ಕಿವಿಗೆ ಬಿದ್ದದ್ದು ಡ್ರಮ್ಮಿನ ಸದ್ದು. ಕಣ್ಣು ತೆರೆದರೆ ಅವನ ಕೈಯಲ್ಲಿದ್ದುದು ಗಿಟಾರು!

ಅದು ಗಿಟಾರ್ ಸಿಂಥಸೈಜರ್ ಎಂಬ ಯಂತ್ರದ ಚಮತ್ಕಾರ. ಆರು ತಂತಿಗಳ ಕಂಪನವನ್ನೂ ಬೇರೆಬೇರೆಯಾಗಿ ಗ್ರಹಿಸಿ, ಯಾವ ಸ್ವರವೆಂದು ಗುರುತಿಸಿ, ಆ ಸ್ವರಕ್ಕೆ ಗೊತ್ತುಪಡಿಸಿದ ಸದ್ದನ್ನು ಅದು ಹೊರಡಿಸುತ್ತದೆ. ಒಂದು ಮೆಟ್ಟಿಲಿಗೆ ದೊಡ್ಡ ಡ್ರಮ್ಮು, ಇನ್ನೊಂದಕ್ಕೆ ಕಂಚಿನ ತಾಳ. ಆದರೆ ಒಂದು ತೊಡಕಿದೆ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಎಂದರೆ ಒಂದು ಕಂಪನಕ್ಕೆ 12 ಮಿಲಿಸೆಕೆಂಡು. ಒಂದೆರಡು ಕಂಪನಗಳನ್ನಾದರೂ ಕಾಣದೆ ಯಂತ್ರಕ್ಕೆ ಸ್ವರ ತಿಳಿಯದು. ಅಷ್ಟರಲ್ಲಿ ಪೆಟ್ಟು ತಡವಾಗುತ್ತದೆ, ಲಯ ಜಾರುತ್ತದೆ. ತೆಳು ತಂತಿಯ ಒಂದು ಕಂಪನಕ್ಕೆ ಸಾಕಾಗುವುದು ಮೂರೇ ಮಿಲಿಸೆಕೆಂಡು. ಆದ್ದರಿಂದ ಹುಡುಗ ಜಾಣತನದಿಂದ ಡ್ರಮ್ಮನ್ನೆಲ್ಲ ತೆಳು ತಂತಿಗಳಿಗೇ ವರ್ಗಾಯಿಸಿದ್ದ.

“ತಂತಿಯಿಂದ ಡ್ರಮ್ ಬಾರಿಸೋದು ಹೊಸ ಶೋಧ ಅಲ್ಲೇನ್ರಿ ಅಜ್ಜಾ?” ಎಂದು ಅವನು ಕೇಳಿದಾಗ ನನಗೆ ನೆನಪಾದದ್ದು ಚೌಡಿಕೆ. ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಅದನ್ನು ಬಲ್ಲರು. ಮರದ ಟೊಳ್ಳು ಕೊಳಗ, ಅದರ ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಬಿಗಿದ ಒಂದೇ ತಂತಿ. ಕಂಕುಳಲ್ಲಿಟ್ಟು ಮೀಟಿದರೆ ತಂತಿಯ ಜೊತೆಗೆ ಚರ್ಮವೂ ನುಡಿಯುತ್ತದೆ. ಹಾಡಿಗೆ ಶ್ರುತಿಯೂ ಅದೇ, ತಾಳವೂ ಅದೇ. ಬಿಗಿ ಹೆಚ್ಚಿದಂತೆ ಸ್ವರ ಏರುತ್ತದೆ. ಸ್ವರವನ್ನು ಗುರುತಿಸಲು ಅಲ್ಲಿ ನಡುವೆ ಯಾರೂ ಇಲ್ಲ. ಆದ್ದರಿಂದ ತಡವೂ ಇಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ಶಾಲಾ ವಾರ್ಷಿಕೋತ್ಸವಕ್ಕೆ ವಿದ್ಯಾರ್ಥಿಯೊಬ್ಬ ತನ್ನ ಅಜ್ಜಿಯ ಚೌಡಿಕೆಯನ್ನು ತಂದಿದ್ದ. “ಇದು ಬ್ಯಾಡಪಾ, ಬ್ಯಾಂಡ್‌ಸೆಟ್ಟಿನ ಡ್ರಮ್ ಬಾರಿಸು” ಎಂದುಬಿಟ್ಟೆ. ಅವನು ಅದನ್ನು ಚೀಲದಲ್ಲಿ ಸುತ್ತಿ, ಯಾರೂ ನೋಡದಂತೆ ಹಿಂದಿನ ಬಾಗಿಲಿನಿಂದ ಒಯ್ದ. ಬಿ.ಎಡ್. ಓದುವಾಗ ‘ತಿಳಿದುದರಿಂದ ತಿಳಿಯದುದರೆಡೆಗೆ’ ಎಂಬ ಬೋಧನಾಸೂತ್ರವನ್ನು ಬಾಯಿಪಾಠ ಮಾಡಿದ್ದವನು ನಾನು! ಶಬ್ದದ ಪಾಠವನ್ನು ಪುಸ್ತಕದ ಚಿತ್ರದಿಂದಲೇ ಮಾಡಿ ಮುಗಿಸಿದೆ; ತಂತಿಯ ಬಿಗಿತಕ್ಕೂ ಸ್ವರಕ್ಕೂ ಇರುವ ಸಂಬಂಧ ಆ ಹುಡುಗನ ಚೀಲದಲ್ಲೇ ಇತ್ತು.

ನನ್ನ ಹಿಂಜರಿಕೆಗೆ ಕಾರಣವಿರಲಿಲ್ಲವೆಂದಲ್ಲ. ಚೌಡಿಕೆಯ ಜೊತೆಗೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೂರ ಪದ್ಧತಿಯೂ ಹೆಣೆದುಕೊಂಡಿತ್ತು. ಅದನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿದ್ದು ಸರ್ವಥಾ ಯೋಗ್ಯವೇ. ಆದರೆ ಹೋಗಬೇಕಾದದ್ದು ಪದ್ಧತಿ, ವಾದ್ಯವಲ್ಲ. ನುಡಿಸುವವರನ್ನು ನಾಚಿಸಿ ಓಡಿಸಿದರೆ ಅವರಿಗಾದ ಅನ್ಯಾಯ ಇಮ್ಮಡಿಯಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ.

ಹೊಸ ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಹಾರ್ಮೋನಿಯಂ ಪರದೇಶದ್ದೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಇಂದು ಅದಿಲ್ಲದೆ ನಮ್ಮ ಭಜನೆಯೇ ಇಲ್ಲ. ಮೊಮ್ಮಗ ಗಿಟಾರಿನಲ್ಲಿ ಡ್ರಮ್ ಬಾರಿಸಲಿ, ಸಂತೋಷ. ಆದರೆ ನಮ್ಮ ಶಾಲೆಗಳ ವೇದಿಕೆಯಲ್ಲೂ ವಿಜ್ಞಾನದ ತರಗತಿಯಲ್ಲೂ ಚೌಡಿಕೆಗೆ ಗೌರವದ ಜಾಗವಿರಲಿ; ಅದನ್ನು ಬಲ್ಲ ಹಿರಿಯರನ್ನು ಕರೆಸಿ, ತಕ್ಕ ಸಂಭಾವನೆ ಕೊಟ್ಟು ಕಲಿಸಲಿ.

ಬರುವ ಭರತ ಹುಣ್ಣಿಮೆಗೆ ಮೊಮ್ಮಗನನ್ನು ಗುಡ್ಡಕ್ಕೆ ಕರೆದೊಯ್ಯುವವನಿದ್ದೇನೆ. ಅಂದು ಚೀಲದಲ್ಲಿ ಸುತ್ತಿಕೊಂಡು ಹೋದ ಆ ವಿದ್ಯಾರ್ಥಿ ಎಲ್ಲಾದರೂ ಇದನ್ನು ಓದಿದರೆ, ಈ ಮುದಿ ಮಾಸ್ತರನನ್ನು ಕ್ಷಮಿಸಲಿ.