ನೋಡುವವರೇ ಹೆಚ್ಚಾದ ಊರಿನಲ್ಲಿ ಕೋಲು ಹಿಡಿಯುವವರು ಯಾರು?

ಹಿರಿಯೂರಿನ ಪೌರರು ವಾರಕ್ಕೆ ಎರಡು ಸಂಜೆ ಒಂದೆಡೆ ಸೇರಿ ಕೋಲಾಟವನ್ನು ಕಲಿಯತಕ್ಕದ್ದೆಂದೂ, ಕಲಿತ ಮೇಲೆ ಹಬ್ಬಹುಣ್ಣಿಮೆಗಳಲ್ಲಿ ವೇದಿಕೆಯ ಹಂಗಿಲ್ಲದೆ ತಮ್ಮ ಸಂತೋಷಕ್ಕಾಗಿಯೇ ಕುಣಿಯತಕ್ಕದ್ದೆಂದೂ ನಾವು ಸೂಚಿಸಿದರೆ, ನಮ್ಮ ವಾಚಕರಲ್ಲಿ ಅನೇಕರು ನಗುವರೆಂಬುದನ್ನು ಬಲ್ಲೆವು. ಮಳೆ, ಬೆಳೆ, ರಸ್ತೆ, ಶಾಲೆಗಳ ಪ್ರಶ್ನೆಗಳು ಬಾಯಿ ತೆರೆದು ನಿಂತಿರುವಾಗ ಈ ಅಂಕಣದಲ್ಲಿ ಕುಣಿತದ ಮಾತೇಕೆಂದು ಗಂಭೀರಸ್ವಭಾವದವರು ಕೇಳಬಹುದು. ಜನರು ಒಟ್ಟಿಗೆ ಸೇರುವುದನ್ನೇ ಮರೆತ ಊರಿನಲ್ಲಿ ರಸ್ತೆಯೂ ಆಗದು, ಶಾಲೆಯೂ ಆಗದು ಎಂಬುದೇ ನಮ್ಮ ಉತ್ತರ.

ಈ ಸೀಮೆಗೆ ಕೋಲಾಟವು ಹೊರಗಿನಿಂದ ಬಂದ ವಸ್ತುವಲ್ಲ. ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪ ಮೊದಲಾದ ದೈವಗಳ ಹಾಡುಗಳೊಡನೆ ಕೋಲುಗಳ ಸದ್ದು ತಲೆತಲಾಂತರದಿಂದ ಕೇಳಿಬಂದಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರವನ್ನು ಕಲಿತವರಲ್ಲ. ಆದರೂ ಅವರ ನೆನಪಿನಲ್ಲಿದ್ದ ಹಾಡುಗಳ ರಾಶಿಯನ್ನು ಕೃಷ್ಣಮೂರ್ತಿ ಹನೂರರಂತಹ ವಿದ್ವಾಂಸರು ಹಟ್ಟಿಗೆ ಹೋಗಿ ಕುಳಿತು ಬರೆದುಕೊಳ್ಳಬೇಕಾಯಿತು. ಹಾಡನ್ನು ಹೀಗೆ ಕಾಗದಕ್ಕೆ ಇಳಿಸಬಹುದು. ಕುಣಿತವಾದರೋ ಕಾಲಿನಿಂದ ಕಾಲಿಗೆ, ಕೈಯಿಂದ ಕೈಗೆ ಮಾತ್ರ ದಾಟತಕ್ಕದ್ದು. ಅದನ್ನು ಬಲ್ಲ ಮುದುಕನು ಕಣ್ಣು ಮುಚ್ಚಿದರೆ ಅವನೊಡನೆ ಒಂದೆರಡು ಕೋಪುಗಳೂ ಮಣ್ಣಾಗುತ್ತವೆ. ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಎಂಬತ್ತೊಂಬತ್ತು ವರ್ಷ ಕಾದು 2022ರಲ್ಲಿ ಮತ್ತೆ ಕೋಡಿ ಬಿದ್ದುದನ್ನು ನಾವೆಲ್ಲರೂ ಕಂಡು ಹಿಗ್ಗಿದೆವು. ಮಳೆ ಬಂದರೆ ಕಣಿವೆ ತುಂಬುತ್ತದೆ. ಕಳೆದುಹೋದ ಕೋಪನ್ನು ಯಾವ ಮಳೆಯೂ ಮರಳಿ ತಾರದು.

ಇಂದು ಪಟ್ಟಣದಲ್ಲಿ ಈ ಕಲೆಗೆ ದೊರೆಯುತ್ತಿರುವ ಮರ್ಯಾದೆ ಯಾವ ಬಗೆಯದು? ಸಮಾರಂಭವಿದ್ದಾಗ ಹಟ್ಟಿಯಿಂದ ಒಂದು ತಂಡವನ್ನು ಕರೆಸುತ್ತೇವೆ. ಅತಿಥಿಗಳು ಬರುವವರೆಗೆ ಅವರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತೇವೆ. ಕಾರಿನಿಂದ ಇಳಿದ ಗಣ್ಯರ ಮುಂದೆ ನಾಲ್ಕು ಸುತ್ತು ಕುಣಿಸಿ, ಛಾಯಾಚಿತ್ರ ತೆಗೆಯಿಸಿ, ಸಂಭಾವನೆ ಕೊಟ್ಟು ಕಳುಹಿಸುತ್ತೇವೆ. ಇದನ್ನು ಕಲಾಪೋಷಣೆಯೆಂದು ವರದಿಯಲ್ಲಿ ಬರೆಯುತ್ತೇವೆ. ಹಟ್ಟಿಯಲ್ಲಿ ಕೋಲಾಟವೆಂದರೆ ಎಲ್ಲರೂ ಕೂಡಿ ಆಡುವುದು. ಪಟ್ಟಣದಲ್ಲಿ ಅದು ಕೆಲವರು ಆಡುವುದನ್ನು ಉಳಿದವರು ಕುರ್ಚಿಯಲ್ಲಿ ಕುಳಿತು ನೋಡುವುದಾಗಿದೆ. ಈ ವ್ಯತ್ಯಾಸದಲ್ಲಿಯೇ ಕಲೆಯ ಸಾವು ಅಡಗಿದೆಯೆಂದು ನಮ್ಮ ಅಭಿಪ್ರಾಯ. ಕೂಡಿ ಕುಣಿಯುವ ಕುಣಿತವು ನೋಡುವವರಿಂದ ಬದುಕುವುದಿಲ್ಲ, ಸೇರಿಕೊಳ್ಳುವವರಿಂದ ಬದುಕುತ್ತದೆ.

ಕುಣಿಯುವ ಬಯಕೆ ನಮ್ಮ ಯುವಕರಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಉದ್ಯೋಗಕ್ಕಾಗಿ ಬೆಂಗಳೂರು ಸೇರಿದವರು ಅಲ್ಲಿ ಹಣ ತೆತ್ತು ಪಾಶ್ಚಾತ್ಯರ ಜೋಡಿಕುಣಿತಗಳನ್ನು ಕಲಿಯುತ್ತಾರೆ. ನವರಾತ್ರಿಯಲ್ಲಿ ಚೀಟಿ ಕೊಂಡು ದಾಂಡಿಯಾ ಆಡುತ್ತಾರೆ. ನಾವು ಇದನ್ನು ಹಳಿಯುವವರಲ್ಲ. ಗುಜರಾತಿನವರು ಗರ್ಬಾ ಕುಣಿತವನ್ನು ಬಿಡದೆ ಮನೆಮನೆಯಲ್ಲಿ ಉಳಿಸಿಕೊಂಡದ್ದರಿಂದಲೇ 2023ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನೆರೆಯವರ ಕೋಲನ್ನು ಸಂತೋಷದಿಂದ ಹಿಡಿಯುವ ಕೈಗೆ ತನ್ನ ತಾಯಿ ಹಿಡಿದ ಕೋಲು ಏಕೆ ಭಾರವಾಗಬೇಕೆಂಬುದಷ್ಟೇ ನಮ್ಮ ಪ್ರಶ್ನೆ.

ಪಶ್ಚಿಮದವರಿಂದ ಕಲಿಯಬೇಕಾದದ್ದೂ ಒಂದುಂಟು. ಅಮೆರಿಕದಲ್ಲಿ ಸ್ವಿಂಗ್ ಎಂಬ ಸಂಗೀತಕ್ಕೆ ಹೊಂದಿಕೊಂಡು ಬೆಳೆದ ಲಿಂಡಿ ಹಾಪ್ ಎಂಬ ಜೋಡಿಕುಣಿತವು ಅಲ್ಲಿನ ಸಿರಿವಂತರ ಸೃಷ್ಟಿಯಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕೇರಿಯಲ್ಲಿ ವಾಸಿಸುತ್ತಿದ್ದ ಕಪ್ಪು ಜನರದು. ಆ ದೇಶದಲ್ಲಿ ವರ್ಣಭೇದವು ಉಗ್ರವಾಗಿದ್ದ ಕಾಲದಲ್ಲಿಯೇ, 1926ರಲ್ಲಿ ತೆರೆದ ಸವೊಯ್ ಎಂಬ ನೃತ್ಯಶಾಲೆಯಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿದರು. 1958ರಲ್ಲಿ ಆ ಶಾಲೆ ಮುಚ್ಚಿತು. ಕುಣಿತವೂ ಮರೆಗೆ ಸರಿಯಿತು. ಅದರ ಅಗ್ರಗಣ್ಯ ಕುಣಿತಗಾರರಲ್ಲೊಬ್ಬರಾದ ಫ್ರ್ಯಾಂಕಿ ಮ್ಯಾನಿಂಗ್ ಎಂಬವರು ಅಂಚೆ ಇಲಾಖೆಯ ನೌಕರಿಯಲ್ಲಿ ದಶಕಗಳನ್ನು ಕಳೆದರು. 1980ರ ದಶಕದಲ್ಲಿ ಸ್ವೀಡನ್, ಇಂಗ್ಲೆಂಡು, ಕ್ಯಾಲಿಫೋರ್ನಿಯಗಳ ತರುಣರು ಹಳೆಯ ಚಲನಚಿತ್ರಗಳಲ್ಲಿ ಈ ಕುಣಿತವನ್ನು ಕಂಡು, ಬಲ್ಲವರನ್ನು ಹುಡುಕುತ್ತ ಹಾರ್ಲೆಮಿಗೆ ಬಂದು ಹಿರಿಯರ ಮುಂದೆ ಶಿಷ್ಯರಾಗಿ ನಿಂತರು. ಮ್ಯಾನಿಂಗರು 2009ರಲ್ಲಿ ತೀರಿಕೊಳ್ಳುವ ಮೊದಲು ಅನೇಕ ದೇಶಗಳಲ್ಲಿ ಪಾಠ ಹೇಳಿದ್ದರು. ಹುಡುಕಿ ಬಂದವರು ಇನ್ನು ಮೂವತ್ತು ವರ್ಷ ತಡಮಾಡಿದ್ದರೆ ಏನಾಗುತ್ತಿತ್ತು? ನಮ್ಮ ಹಟ್ಟಿಗಳಲ್ಲಿಯೂ ಇಂತಹ ಹಿರಿಯರು ಇರಬಹುದು. ಅವರನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ, ಒಂದು ಗಂಟೆಯ ಬಸ್ ಪ್ರಯಾಣ ಸಾಕು.

ಆ ಕುಣಿತದ ತರಗತಿಗಳ ಕ್ರಮವೂ ಗಮನಾರ್ಹವಾದುದು. ಮೊದಲು ಪಾಠ, ಅದೇ ಸಂಜೆ ಪಾಠದ ಕೊನೆಗೆ ಎಲ್ಲರೂ ಕೂಡಿ ಕುಣಿತ. ಜೊತೆಗಾರರನ್ನು ಆಗಾಗ ಬದಲಿಸುವರು. ಇದರಿಂದ ಒಂಟಿಯಾಗಿ ಬಂದವನಿಗೆ ಸಂಕೋಚವಿಲ್ಲ, ಹೊಸಬನಿಗೆ ಬಲ್ಲವನ ಕೈಯ ಆಸರೆ ಸಿಗುತ್ತದೆ. ಈ ತತ್ತ್ವವು ನಮ್ಮ ಕೋಲಾಟದ ಸುತ್ತಿನಲ್ಲಿಯೇ ಅಡಕವಾಗಿದೆಯಷ್ಟೆ! ತನ್ನ ಕೋಲಿಗೆ ಒಂದು ಪೆಟ್ಟು, ಎದುರಿನವನ ಕೋಲಿಗೆ ಒಂದು ಪೆಟ್ಟು, ಅಲ್ಲಿಂದ ಮುಂದಿನವನೆಡೆಗೆ. ಸುತ್ತು ಮುಗಿಯುವುದರೊಳಗೆ ಎದುರುಬದುರಾಗಿ ನಿಂತವರೆಲ್ಲರ ಕೋಲುಗಳೂ ಕೂಡಿರುತ್ತವೆ. ಈತನ ಕೋಲನ್ನು ಮುಟ್ಟುವೆನು, ಆತನ ಕೋಲನ್ನು ಮುಟ್ಟೆನು ಎಂದವನಿಂದ ಆಟವೇ ಕೆಡುತ್ತದೆ.

ಅಧಿಕಾರಿವರ್ಗದವರು ಕುಣಿದರೆ ಗೌರವಕ್ಕೆ ಕುಂದಲ್ಲವೆ ಎಂಬ ಶಂಕೆಗೆ ಗುರುಸದಯ ದತ್ತರ ಚರಿತ್ರೆಯೇ ಸಮಾಧಾನ. ಆಂಗ್ಲರ ಆಳಿಕೆಯಲ್ಲಿ ಐ.ಸಿ.ಎಸ್. ಪದವಿಯಲ್ಲಿದ್ದ ಅವರು, ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಆಡಳಿತವನ್ನು ವಹಿಸಿದ್ದಾಗ, ಕೆಳಜಾತಿಯವರದೆಂದು ಕಡೆಗಣಿಸಲ್ಪಟ್ಟಿದ್ದ ರಾಯ್‌ಬೇಂಶೆ ಎಂಬ ವೀರಕುಣಿತವನ್ನು ಬೆಳಕಿಗೆ ತಂದರು. 1932ರಲ್ಲಿ ವ್ರತಚಾರಿ ಚಳವಳಿಯನ್ನು ಆರಂಭಿಸಿ, ಹಾಡು, ಕುಣಿತ, ದೇಹಶ್ರಮಗಳನ್ನು ಒಂದೇ ವ್ರತದಲ್ಲಿ ಹೆಣೆದು, ತಾವೇ ಹಳ್ಳಿಗರೊಡನೆ ಹೆಜ್ಜೆಯಿಟ್ಟರು. ಇದರಿಂದ ಅವರ ಗೌರವವು ಹೆಚ್ಚಿತಲ್ಲದೆ ಕುಗ್ಗಲಿಲ್ಲ. ಪರರ ಆಳಿಕೆಯಲ್ಲಿದ್ದ ಅಧಿಕಾರಿಗೆ ಸಾಧ್ಯವಾದುದು ಸ್ವರಾಜ್ಯದ ಅಧಿಕಾರಿಗೆ ಸಾಧ್ಯವಾಗದೆ?

ಆರಂಭಿಸುವ ಬಗೆ ಹೇಗೆ? ದೊಡ್ಡ ಯೋಜನೆ ಬೇಡ. ಸರ್ಕಾರದ ಅನುದಾನಕ್ಕೆ ಕಾಯುವುದಂತೂ ಬೇಡವೇ ಬೇಡ. ಎಂಟು ಜೊತೆ ಜನರು ಸಾಕು. ಕಲ್ಲುಮುಳ್ಳುಗಳಿಲ್ಲದ ಶಾಲೆಯ ಬಯಲನ್ನು ಸಂಜೆಯ ಹೊತ್ತು ಬಿಟ್ಟುಕೊಡುವಂತೆ ಕೇಳಬೇಕು. ಕೋಲುಗಳನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಸದಸ್ಯರ ತಿಂಗಳ ಚಂದಾದಿಂದ ಹಟ್ಟಿಯ ಹಿರಿಯರೊಬ್ಬರಿಗೂ, ಹಾಡು ಬಲ್ಲ ಹೆಣ್ಣುಮಗಳೊಬ್ಬರಿಗೂ ತಪ್ಪದೆ ಸಂಬಳ ಸಲ್ಲಬೇಕು. ಅವರನ್ನು ಏಕವಚನದಲ್ಲಿ ಕೂಗಕೂಡದು. ಸಂಗೀತದ ವಿದ್ವಾಂಸರಿಗೆ ಸಲ್ಲುವ ಗುರುಸ್ಥಾನವೇ ಅವರಿಗೂ ಸಲ್ಲತಕ್ಕದ್ದು. ಮೊದಲ ತಿಂಗಳು ನಿಂತಲ್ಲಿಯೇ ಕೋಲು ತಟ್ಟುವುದನ್ನೂ, ನಿಧಾನಗತಿಯ ಸುತ್ತುಕೋಲನ್ನೂ ಕಲಿತರೆ ಸಾಕು. ಹಾಡು ಚುರುಕಾದಂತೆ ಕಾಲೂ ಚುರುಕಾಗುತ್ತದೆ. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹೆಣೆದು ಬಿಚ್ಚುವ ಜಡೆಕೋಲಾಟವು ಬಲ್ಲವರ ಕೆಲಸ. ಒಬ್ಬನು ತಪ್ಪಿದರೆ ಜಡೆಯೆಲ್ಲ ಸಿಕ್ಕಾಗುವುದರಿಂದ ಅದಕ್ಕೆ ಅವಸರ ಬೇಡ. ಒಂದು ವರ್ಷ ಯಾವ ಸಭೆಯಲ್ಲಿಯೂ ಪ್ರದರ್ಶನ ಕೊಡುವುದಿಲ್ಲವೆಂಬ ನಿಯಮವನ್ನು ಮಾಡಿಕೊಳ್ಳುವುದು ಲೇಸು. ಎಡಬಲಗಳನ್ನು ತಪ್ಪುವ ಹೊಸಬನನ್ನು ಕಂಡು ಯಾರೂ ನಗಕೂಡದು. ನಗಬೇಕೆಂದಿದ್ದರೆ ಎಲ್ಲರೂ ಒಟ್ಟಿಗೆ ನಗಲಿ.

ಹೆಂಗಸರಿಗೆ ಈ ಬಯಲಿನಲ್ಲಿ ಸಮಾನವಾದ ಸ್ಥಾನವಿರಬೇಕು. ಹಾಡುಗಳ ಭಂಡಾರವಿರುವುದು ಬಹುಮಟ್ಟಿಗೆ ಅವರ ಕಂಠದಲ್ಲಿ. ಮುಟ್ಟು, ಬಾಣಂತನಗಳ ದಿನಗಳಲ್ಲಿ ಅವರನ್ನು ಹಟ್ಟಿಯ ಹೊರಗಿಡುವ ವಾಡಿಕೆಯು ಕೆಲವೆಡೆ ಇನ್ನೂ ಉಳಿದಿರುವುದು ದುಃಖದ ಸಂಗತಿ; ಹಟ್ಟಿಯ ಕುಣಿತವನ್ನು ಮೆಚ್ಚುವವರು ಈ ವಾಡಿಕೆಯನ್ನೂ ಮೆಚ್ಚಬೇಕಾಗಿಲ್ಲ. ಆದರೆ ಬುದ್ಧಿ ಹೇಳಲು ಹೊರಡುವ ಪಟ್ಟಣಿಗರು ತಮ್ಮ ಮನೆಯ ಜಗುಲಿಯನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ವೇದಿಕೆಗೆ ಕರೆದವರನ್ನು ಪಂಕ್ತಿಗೆ ಕರೆಯದವರಿಗೆ ಉಪದೇಶದ ಅಧಿಕಾರವಿಲ್ಲ. ಒಂದೇ ಸುತ್ತಿನಲ್ಲಿ ವರ್ಷವಿಡೀ ಕೋಲು ಕೂಡಿಸಿದವರ ನಡುವೆ ಇಂತಹ ಮಾತುಗಳನ್ನು ಆಡುವುದೂ ಕೇಳುವುದೂ ಸುಲಭವಾದೀತು.

ತೇರುಮಲ್ಲೇಶ್ವರನ ರಥೋತ್ಸವಕ್ಕೆ ಊರಿಗೆ ಊರೇ ಸೇರುತ್ತದೆ. ತೇರನ್ನು ಎಳೆಯಲು ಹಗ್ಗಕ್ಕೆ ಕೈಹಚ್ಚುವವನನ್ನು ನೀನು ಕಲಾವಿದನೇ ಎಂದು ಯಾರೂ ಕೇಳುವುದಿಲ್ಲ. ಕೈಹಚ್ಚದೆ ನಿಂತವನಿಗೇ ತುಸು ನಾಚಿಕೆಯಾಗುತ್ತದೆ. ಕೋಲಾಟದ ವಿಷಯದಲ್ಲಿಯೂ ಅದೇ ನಾಚಿಕೆಯು ನಮ್ಮವರಲ್ಲಿ ಹುಟ್ಟಲೆಂದು ಹಾರೈಸುತ್ತೇವೆ. ನಗರಸಭೆಯ ಸದಸ್ಯರೂ, ಉಪಾಧ್ಯಾಯರೂ, ವಕೀಲರೂ, ಕಚೇರಿಯ ನೌಕರರೂ ಈ ಬಾರಿ ಹಾರ ಹಾಕಿಸಿಕೊಳ್ಳಲು ಬಾರದೆ ಕೋಲು ಹಿಡಿಯಲು ಬರಲಿ. ಕುರ್ಚಿಗಳನ್ನು ಬದಿಗೆ ಸರಿಸಿದರೆ ಬಯಲಿನಲ್ಲಿ ಎಲ್ಲರಿಗೂ ಸ್ಥಳವುಂಟು.