ಎಷ್ಟ ಬಿತ್ತು ಅಂತ ಕೇಳೂದು ಬಿಡ್ರಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತಂದ್ರ ನಮ್ಮ ಮಂದೀದು ಒಂದ ಮಾತು, "ಎಷ್ಟ ಬಿತ್ತು?" ಮದುವಿ ಮನ್ಯಾಗೂ ಅದ, ನಳದ ಮುಂದೂ ಅದ. ಏನ ಕಲಿತಿ ಅಂತ ಒಬ್ಬರೂ ಕೇಳಂಗಿಲ್ಲ. ಅಕ್ಕಾರ, ವೈನ್ಯಾರ, ಸಿಟ್ಟಾಗಬ್ಯಾಡ್ರಿ, ಆ ಅಂಕಿಯನ್ನ ಇಷ್ಟ ನಂಬೂದು ತಪ್ಪು.

2023ರಾಗ ನೂರಕ್ಕ ಸುಮಾರು 84 ಮಂದಿ ಪಾಸಾದ್ರು. 2024ರಾಗ ಪರೀಕ್ಷಾ ಕೋಣ್ಯಾಗ ಕ್ಯಾಮೆರಾ ಇಟ್ಟು, ವೆಬ್‌ಕಾಸ್ಟಿಂಗ್ ಅಂತ ಕುಂತಲ್ಲಿಂದನ ನೋಡಾಕ ಹತ್ತಿದ್ರು. ಗ್ರೇಸ್ ಮಾರ್ಕ್ಸ್ ಹೆಚ್ಚು ಕೊಟ್ರೂ 73ಕ್ಕ ಇಳೀತು. ಒಂದ ವರ್ಷದಾಗ ರಾಜ್ಯದ ಹುಡುಗರೆಲ್ಲ ದಡ್ಡರಾದ್ರೇನ? ಮಾಸ್ತರು ಕಲಿಸೂದು ಮರತ್ರೇನ? ಹಂಗಾದ್ರ ಹಿಂದಿನ ವರ್ಷ ನಾವು ಪೇಡೆ ಹಂಚಿದ್ದು ಯಾವುದಕ್ಕ?

ನಮ್ಮ ಓಣ್ಯಾಗ ಒಬ್ಬಾಕಿ ಅದಾಳ. ಗಣಿತದ ಪೇಪರಿನಾಗ 80ಕ್ಕ 21, ನಪಾಸು. ನಮ್ಮ ಸಂಘದ ಪುಸ್ತಕ ಬರಿಯಾಕಿನೂ ಆಕಿನ. ತಿಂಗಳಿಗೆ ನೂರಕ್ಕ 2ರ ಬಡ್ಡಿ, ನಡುವ ಯಾರರ ಅರ್ಧ ಅಸಲು ತೀರಿಸಿದ್ರ ಉಳಿದದ್ದಕ್ಕ ಎಷ್ಟು, ಎಲ್ಲಾ ಬಾಯಾಗ ಹೇಳತಾಳ. ಹಂಗಂತ ಆಕೀಗೆ ಬೀಜಗಣಿತ ಬರತೈತಿ ಅನ್ನಂಗಿಲ್ಲ ನಾ. ವರ್ಗ ಸಮೀಕರಣ ಇನ್ನೂ ತಿಳಿದಿಲ್ಲ, ತಿಳೀಬೇಕು. ಆದ್ರ ಎಲ್ಲಿ ತಪ್ಪೇತಿ ಅಂತ ಆ 21 ಹೇಳತೈತೇನ? ಮನ್ಯಾಗ ಮಾತ್ರ ಅದನ್ನ ಹಿಡದು "ಇಕಿಗೆ ವಿದ್ಯಾ ಹತ್ತಂಗಿಲ್ಲ" ಅಂತ ವರಾ ನೋಡಾಕ ಹತ್ಯಾರ. ಹುಡುಗಿಗೆ ಇನ್ನೂ 16.

ಸೊಸಿಗೆ ರೊಟ್ಟಿ ಬಡಿಯೂದು ನಾವು ಹೆಂಗ ಕಲಸತೀವಿ? ಬಾಜೂಕ ಕುಂತು ನೋಡತೀವಿ. ಅಂಚು ಹರಿದ್ರ ಬಿಸಿನೀರು ಸಾಲಿಲ್ಲ, ಇನ್ನೊಂದೀಟು ನಾದು ಅಂತೀವಿ, ಮತ್ತ ಬಡಸತೀವಿ. ವರ್ಷದ ಕೊನಿಗೆ ಒಂದಿನ ಮೂರು ತಾಸು ಕುಂದ್ರಿಸಿ, ರೊಟ್ಟಿ ಬಡಿಯುವ ಐದು ಹಂತಗಳನ್ನು ಬರೆಯಿರಿ ಅನ್ನಂಗಿಲ್ಲ. (ಅಂದ್ರ ನಮ್ಮೊಳಗ ಎಷ್ಟ ಮಂದಿ ಪಾಸ್ ಆಗತೀವೋ!) ಇದು ಸರಕಾರಕ್ಕ ತಿಳಿಯದ್ದೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೊಳಗ ಮಗುವಿನ ಕಲಿಕೆಯನ್ನ ನಿರಂತರವಾಗಿ ನೋಡಬೇಕು ಅಂತ ಬರದಾರ. ನಾ ನೋಡಿದ ಸಾಲ್ಯಾಗ ಅದು ಮಾಸ್ತರು ತುಂಬೂ ಫಾರ್ಮ್ ಆಗಿ ಕುಂತೈತಿ.

ಪರೀಕ್ಷೆನ ಬ್ಯಾಡ ಅಂತ ನಾ ಹೇಳಾಕತ್ತಿಲ್ಲ. ಎಲ್ಲಾರಿಗೂ ಒಂದ ಪೇಪರು, ತಿದ್ದಾವರಿಗೆ ಹುಡುಗಿ ಯಾರು, ಆಕಿ ಅಪ್ಪ ಯಾರು ಗೊತ್ತಿರಂಗಿಲ್ಲ. ಬಡವರ ಮಕ್ಕಳಿಗೆ ಇದು ದೊಡ್ಡ ಆಸರ. ಬರೇ ಸಾಲ್ಯಾಗ ಕೊಡೂ ಮಾರ್ಕ್ಸ್ ಮ್ಯಾಲ ಬಿಟ್ರ ಯಾರ ಮಕ್ಕಳಿಗೆ ಎಷ್ಟ ಬೀಳತಾವ ಅಂತ ನಾ ಬಾಯಿಬಿಟ್ಟು ಹೇಳಬೇಕೇನ? ಸೀಟು ಹಂಚಾಕ ಪರೀಕ್ಷೆ ಇರಲಿ. ಹುಡುಗಿಯ ತಲಿ ಅಳಿಯಾಕ, ಸಾಲಿ ಬಿಡಸಾಕ ಅದು ಬ್ಯಾಡ.

ಈಗ ಪರೀಕ್ಷೆ-2 ಅಂತ ಅದ ವರ್ಷ ಮತ್ತ ಬರಿಯಾಕ ಬರತೈತಿ. ಆಕಿ ಬರೀಲಿ. ಅಲ್ಲೀತನಕ ಆಕೀ ಮನೀಗೆ ಹೋದವರು "ಎಷ್ಟ ಬಿತ್ತು" ಅನ್ನಬ್ಯಾಡ್ರಿ. "ಯಾವ ಲೆಕ್ಕ ತಿಳೀವಲ್ದವಾ, ತೋರಸು" ಅನ್ರಿ. ನಮಗೂ ತಿಳೀಲಿಲ್ಲಂದ್ರ ಓಣ್ಯಾಗ ಕಾಲೇಜಿಗೆ ಹೋಗೂ ಹುಡುಗ್ಯಾರು ನಾಕ ಮಂದಿ ಅದಾರ, ಸಂಜಿಗೆ ಒಂದ ತಾಸು ಕರಿಯೋಣು. ವರದ ಮಾತು ತಗದ ಹಿರ್ಯಾರ ಜೋಡಿ ನಾನ ಮಾತಾಡತೇನಿ, ನೀವು ಇಬ್ಬರು ಮೂವರು ಸಂಗಾಟ ಬರ್ರಿ.