ಅ ಆ ಇ ಈ ಬರಲಿಲ್ಲವೆಂದು ಶಾಲೆ ಬಿಡಿಸಬೇಡಿ



ಜೂನ್ ತಿಂಗಳು ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು: ‘ಮಗೂನ ಯಾವ ಸ್ಕೂಲಿಗೆ ಹಾಕಿದ್ರಿ?’ ಫೀಜೆಷ್ಟು, ವ್ಯಾನು ಬರುತ್ತದೆಯೇ, ಟೈ ಬೂಟು ಇದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಸೇರಿಸಿದ ಮೇಲೆ, ಅಲ್ಲಿ ಮಗು ಏನು ಕಲಿಯುತ್ತಿದೆ, ಹೇಗೆ ಕಲಿಯುತ್ತಿದೆ ಎಂದು ಶಾಲೆಗೆ ಹೋಗಿ ಕೇಳುವವರು ಮಾತ್ರ ಕಡಿಮೆ. ‘ನಮಗೇನ್ರೀ ಗೊತ್ತಾಗುತ್ತೆ? ಎಲ್ಲಾ ಮೇಷ್ಟ್ರಿಗೆ ಗೊತ್ತು’ ಎಂದು ಸುಮ್ಮನಾಗಿಬಿಡುತ್ತೇವೆ. ಈ ಸಂಕೋಚದಿಂದ ನಷ್ಟವಾಗುವುದು ಮಗುವಿಗೆ. ಹೇಗೆಂದು ಈ ಸಲ ನೋಡೋಣ.

ನಾನಿರುವುದು ಬೆಂಗಳೂರಿನ ಉತ್ತರ ಭಾಗದ ಯಲಹಂಕದಲ್ಲಿ. ಹೆಬ್ಬಾಳ ದಾಟಿ ಇತ್ತ ಬಂದರೆ ಎತ್ತ ನೋಡಿದರೂ ಹೊಸ ಕಟ್ಟಡಗಳೇ. ಅವನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಎಷ್ಟೋ ಸಂಸಾರಗಳು ಬಂದಿವೆ. ಅವರ ಮಕ್ಕಳು ಓದುವುದು ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ. ನಮ್ಮ ಬೀದಿಯಲ್ಲಿ ನಾಲ್ಕು ಮನೆ ಕೆಲಸ ಮಾಡುವ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಒಂದು ದಿನ ಬಂದು ಕೂತಳು. ‘ಅಕ್ಕಾರ, ಎರಡನೇತ್ತಾ ಬಂದ್ರೂ ನನ್ನ ಮಗಳಿಗಿ ಅ ಆ ಇ ಈ ಪೂರಾ ಹೇಳಾಕ ಬರಂಗಿಲ್ರಿ. ಈ ಸಾಲಿ ಬಿಡಿಸಿ ಕಾನ್ವೆಂಟಿಗಿ ಹಾಕ್ತೀನ್ರಿ. ಚೀಟಿ ದುಡ್ಡು ಎತ್ತೀನಿ’ ಎಂದಳು. ಆ ಚೀಟಿ ದುಡ್ಡು ಅವಳು ಎರಡು ವರ್ಷ ಕಟ್ಟಿದ್ದು. ಊರಿನ ಮನೆಗೆ ಮಾಡು ಹಾಕಿಸಲೆಂದು ಇಟ್ಟದ್ದು.

‘ಹಾಕು, ಬೇಡ ಅನ್ನೋಲ್ಲ. ಮೊದಲು ಒಂದು ಸಲ ಟೀಚರನ್ನು ಕೇಳಿ ಬಾರಮ್ಮ’ ಎಂದೆ. ಒಬ್ಬಳೇ ಹೋಗಲು ಹಿಂಜರಿದಳು. ಜೊತೆಗೆ ನಾನೂ ಹೋದೆ.

ಅಲ್ಲಿ ತಿಳಿದದ್ದನ್ನು ನೀವೆಲ್ಲರೂ ತಿಳಿಯಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತಿದ್ದರು. ಇದಕ್ಕೆ ‘ನಲಿ ಕಲಿ’ ಎಂದು ಹೆಸರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಶುರುವಾಯಿತು. ಆಂಧ್ರದ ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿ ಶಾಲೆಯವರು ಹಳ್ಳಿ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ನಮ್ಮ ಮೇಷ್ಟ್ರುಗಳು ಹೋಗಿ ನೋಡಿ ಬಂದು, ಇಲ್ಲಿಗೆ ಹೊಂದಿಸಿಕೊಂಡರು. 2009ರ ಶಾಲಾ ವರ್ಷದಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಇದನ್ನು ತಂದರು.

ಈ ಕ್ರಮದಲ್ಲಿ ಅ ಆ ಇ ಈ ಎಂದು ಸಾಲಾಗಿ ಬಾಯಿಪಾಠ ಮಾಡಿಸುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರ. ಏಕೆ ಗೊತ್ತೇ? ಆ ಐದನ್ನು ಜೋಡಿಸಿ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ! ಐದು ಅಕ್ಷರ ಕಲಿತ ಮಗು ಆಗಲೇ ಪದ ಓದುತ್ತದೆ. ಆಮೇಲೆ ಜ, ವ, ಮ, ಬ, ನ. ಆಗ ಮರ, ಜನ, ಬಸವ ಎಲ್ಲ ಬರುತ್ತವೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ. ನಾವು ಮನೆಯಲ್ಲಿ ‘ಅ ಆ ಹೇಳು’ ಎಂದು ಗದರಿದರೆ ಮಗು ತಡವರಿಸುತ್ತದೆ. ‘ಇದನ್ನು ಓದು’ ಎಂದು ಚೀಟಿ ಕೊಟ್ಟರೆ ಓದುತ್ತದೆ.

ಹಾಗೆಂದು ಆ ಹುಡುಗಿ ಎಲ್ಲದರಲ್ಲೂ ಸರಿಯಾಗಿದ್ದಳೆಂದಲ್ಲ. ಗೋಡೆಯ ಮೇಲೆ ಮಕ್ಕಳ ಹೆಸರು ಬರೆದ ‘ಪ್ರಗತಿ ನೋಟ’ ಎಂಬ ಪಟ್ಟಿ ಇತ್ತು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಅದರಲ್ಲಿ ಕಾಣುತ್ತದೆ. ಇವಳು ಜೊತೆಯವರಿಗಿಂತ ಹಿಂದೆ ಇದ್ದಳು. ಟೀಚರು ಹಾಜರಿ ಪುಸ್ತಕ ತೆಗೆದರು. ಜಾತ್ರೆಗೆಂದು ಊರಿಗೆ ಹೋಗಿ ಇಪ್ಪತ್ತು ದಿನ, ಎಳೆ ತಮ್ಮನನ್ನು ನೋಡಿಕೊಳ್ಳಲು ಆಗೊಂದು ಈಗೊಂದು ದಿನ. ಒಟ್ಟು ಸೇರಿದರೆ ಒಂದೂವರೆ ತಿಂಗಳು! ನಲಿ ಕಲಿಯಲ್ಲಿ ಒಂದು ಅನುಕೂಲವಿದೆ. ರಜೆ ಮುಗಿಸಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಬಾರದ ಮಗುವನ್ನು ಯಾವ ಕ್ರಮ ತಾನೇ ಮೇಲೆ ಹತ್ತಿಸೀತು?

ತಾಯಿ ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ‘ಇಷ್ಟು ದಿನ ನನಗ ಯಾರೂ ಹೇಳಲಿಲ್ರಿ’ ಎಂದಳು. ‘ಮೀಟಿಂಗಿಗೆ ಕರೆದರೆ ನೀವು ಬರಲೇ ಇಲ್ಲವಲ್ಲಮ್ಮ’ ಎಂದರು ಟೀಚರು. ಇಬ್ಬರ ಮಾತೂ ನಿಜ. ಬೆಳಗಿನ ಹೊತ್ತು ಮೀಟಿಂಗಿಗೆ ಹೋದರೆ ಅವಳ ಕೆಲಸ ತಪ್ಪುತ್ತದೆ, ದುಡ್ಡು ಕಡಿತವಾಗುತ್ತದೆ. ಕೊನೆಗೆ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಸಿಗುವುದೆಂದು ಮಾತಾಯಿತು. ಕೇಳಿದ್ದರಿಂದ ತಾನೇ ದಾರಿ ಸಿಕ್ಕಿದ್ದು?

ಇಲ್ಲಿ ನಾವು ಯಾರ ಉಪಕಾರವನ್ನೂ ಬೇಡುತ್ತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ: ಶಿಕ್ಷಕರು ಪೋಷಕರ ಸಭೆಯನ್ನು ತಪ್ಪದೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಎಲ್ಲವನ್ನೂ ತಿಳಿಸಬೇಕು. ಹಿಂದೆ ಬಿದ್ದ ಮಗುವಿಗೆ ಬೇಕಾದರೆ ಹೆಚ್ಚಿನ ಪಾಠವನ್ನೂ ಹೇಳಬೇಕು. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ಅಷ್ಟೂ ದಿನ ಮಗುವನ್ನು ಕಳಿಸುವ ಭಾರ ನಮ್ಮದು.

ಇನ್ನು ನಾವು ಮನೆಯಲ್ಲಿ ಏನು ಮಾಡಬಹುದು? ಓದು ಬರಹ ಬಾರದ ತಾಯಿಯೂ ಮಾಡಬಹುದಾದ್ದನ್ನೇ ಹೇಳುತ್ತೇನೆ.

1. ‘ಎಷ್ಟು ಮಾರ್ಕ್ಸು? ಎಷ್ಟನೇ ರ‍್ಯಾಂಕು?’ ಎಂದು ಕೇಳಬೇಡಿ. ‘ಇವತ್ತು ಏನು ಓದಿದೆ? ನನಗೂ ಹೇಳಿಕೊಡು’ ಎನ್ನಿ. ಹೇಳಿಕೊಡುವಾಗ ಮಗುವಿಗೆ ಪಾಠ ಗಟ್ಟಿಯಾಗುತ್ತದೆ.

2. ಕಡಲೆ, ಹುರುಳಿ, ಹುಣಸೆ ಬೀಜ ಕೊಟ್ಟು ಹತ್ತು ಹತ್ತರ ಗುಡ್ಡೆ ಮಾಡಿಸಿ. ಮೂರು ಗುಡ್ಡೆ, ಮೇಲೆ ನಾಲ್ಕು ಬಿಡಿ ಕಾಳು ಎಂದರೆ ಮೂವತ್ತನಾಲ್ಕು. ಹತ್ತರ ಸ್ಥಾನ ಎಂಬುದು ಅಡಿಗೆಮನೆಯಲ್ಲೇ ತಿಳಿಯುತ್ತದೆ.

3. ಬಸ್ಸಿನ ಬೋರ್ಡು, ಅಂಗಡಿ ಹೆಸರು, ಬೇಳೆ ಪೊಟ್ಟಣದ ಮೇಲಿನ ಬರಹ ಓದಿಸಿ. ತಪ್ಪಿದರೆ ನಗಬೇಡಿ.

4. ತಮ್ಮನನ್ನು ನೋಡಿಕೊಳ್ಳಲೆಂದು ಹೆಣ್ಣುಮಗುವನ್ನು ಶಾಲೆಯಿಂದ ನಿಲ್ಲಿಸಬೇಡಿ. ಮೂರು ವರ್ಷ ತುಂಬಿದ ಮಗುವಾದರೆ ಅಂಗನವಾಡಿಗೆ ಕಳಿಸಿ. ಇನ್ನೂ ಎಳೆಯದಾದರೆ ನೆರೆಹೊರೆಯವರೊಡನೆ ಸರದಿ ಮಾಡಿಕೊಳ್ಳಿ.

5. ಊರಿಗೆ ಹೋಗುವುದಿದ್ದರೆ ಟೀಚರಿಗೆ ಮೊದಲೇ ತಿಳಿಸಿ. ‘ಯಾವ ಮೆಟ್ಟಿಲಲ್ಲಿದ್ದಾಳೆ, ಊರಲ್ಲಿ ಏನು ಓದಿಸಲಿ?’ ಎಂದು ಕೇಳಿ.

ಇನ್ನೊಂದು ಮುಖ್ಯ ವಿಷಯ. ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. ನಮ್ಮ ರಾಜ್ಯದಲ್ಲಿ 2001ರಲ್ಲೇ ಇದು ಬಂತು. ಕಾಯಿದೆಯ ಪ್ರಕಾರ ಇಂಥ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಮಂದಿ ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತು, ಮುಂದೆ ಏನು ಬೇಕು ಎಂದು ನೋಡುವ ಅಧಿಕಾರ ಈ ಸಮಿತಿಗಿದೆ. ಆದರೆ ಎಷ್ಟೋ ಕಡೆ ಹೆಂಗಸರ ಹೆಸರು ಪುಸ್ತಕದಲ್ಲಿ, ಮಾತು ಗಂಡಸರದು! ಸಹಿ ಹಾಕಿ ಎದ್ದು ಬರಬೇಡಿ. ‘ಮೂರನೇ ತರಗತಿ ಮುಗಿಸಿದ ಮಕ್ಕಳಲ್ಲಿ ಸರಾಗವಾಗಿ ಓದುವವರು ಎಷ್ಟು? ಓದಲಾರದವರಿಗೆ ಏನು ಏರ್ಪಾಡು?’ ಈ ಎರಡು ಪ್ರಶ್ನೆ ಸಾಕು.

ಕಾನ್ವೆಂಟಿಗೆ ಕಳಿಸುವವರೇ, ನಿಮಗೂ ಇದೇ ಮಾತು. ಫೀಜು ಕಟ್ಟಿದ ರಸೀದಿಯಿಂದ ಮಗು ಕಲಿತಂತಾಗಲಿಲ್ಲ. ಪಾಠವನ್ನು ಅರ್ಥಮಾಡಿಕೊಂಡು ಓದುತ್ತದೆಯೇ, ಬರೀ ಉರು ಹೊಡೆಯುತ್ತದೆಯೇ ಎಂದು ನೋಡಿ.

ಆ ಹುಡುಗಿ ಅದೇ ಶಾಲೆಯಲ್ಲಿ ಉಳಿದಳು. ದೀಪಾವಳಿ ಹೊತ್ತಿಗೆ ಬಸ್ಸಿನ ಮೇಲಿನ ‘ಯಲಹಂಕ’ ಓದಿದಳಂತೆ. ಅವಳ ತಾಯಿ ಚೀಟಿ ದುಡ್ಡಿನಲ್ಲಿ ಊರಿನ ಮನೆಗೆ ಮಾಡು ಹಾಕಿಸಿದಳು. ಈಗ ಶನಿವಾರದ ಮೀಟಿಂಗಿಗೆ ಬೀದಿಯ ಇನ್ನಿಬ್ಬರು ತಾಯಂದಿರನ್ನೂ ಕರೆದುಕೊಂಡು ಹೋಗುತ್ತಾಳೆ.

ನಿಮ್ಮೂರಿನ ಶಾಲೆಯಲ್ಲಿ ಮುಂದಿನ ಪೋಷಕರ ಸಭೆ ಎಂದು? ಇವತ್ತೇ ವಿಚಾರಿಸಿ. ಹೊತ್ತು ಹೊಂದದಿದ್ದರೆ ಬೇರೆ ಹೊತ್ತು ಕೇಳಿ. ಹೋಗಲು ಹಿಂಜರಿಯುವ ನೆರೆಯಾಕೆ ಇದ್ದರೆ, ಅವಳ ಜೊತೆಗೆ ನೀವೂ ಹೋಗಿ.